ಊದ್‌ಗೆ ಹಚ್ಚಿದ ಬಣ್ಣ

3 ಏಪ್ರಿಲ್ 1977, ಭಾನುವಾರ. ಮಧ್ಯಾಹ್ನ

ಬಾಗಿಲು ಹಾಕಿಕೊಂಡು ಮತ್ತೆ ಅದೇ ಕ್ಯಾಸೆಟ್. ಎ ಸೈಡ್. ಗರಬೇತ್ ಉಸ್ತಾದರ ಊದ್, ಅರಬರ ತಂತಿವಾದ್ಯ. ಮೊದಲ ಹೊಡೆತ ಬಿದ್ದ ಕೂಡಲೇ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ಕೇಳಿದೆ. ಹೊಡೆತ ಅನ್ನಬಾರದು ಅದನ್ನು. ಮೀಟುವ ಹದ್ದಿನ ಗರಿಯ ಕಡ್ಡಿ ತಂತಿಯ ಮೇಲೆ ಕೂತು ಏಳುತ್ತದೆ, ಅಷ್ಟೆ. ಆದರೆ ಎಂಥ ದನಿ! ದುಂಡಗೆ, ಕಟ್ಟಿಗೆಯ ಒಳಗಿನಿಂದ ಬಂದದ್ದು. ಸಿತಾರಿನ ಹಾಗೆ ಇದಕ್ಕೆ ಮೆಟ್ಟಿಲುಗಳಿಲ್ಲ. ಎಲ್ಲಿ ನಿಲ್ಲಬೇಕೆಂದು ಬೆರಳಿಗೆ ಯಾರೂ ಹೇಳುವುದಿಲ್ಲ. ನಮ್ಮ ಎರಡು ಗಾಂಧಾರಗಳ ನಡುವೆ ಒಂದು ಜಾಗ ಇದೆ. ಉಸ್ತಾದರು ಪ್ರತಿ ಸಲ ಅಲ್ಲಿಗೇ ಹೋಗಿ ನಿಲ್ಲುತ್ತಾರೆ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ನನ್ನ ಬೆರಳು ಒಮ್ಮೆ ಸಿಕ್ಕರೆ ಮತ್ತೆ ಮತ್ತೆ ಜಾರುತ್ತದೆ. ಥೂ.

ಬಿ ಸೈಡ್ ಅವರ ಶಿಷ್ಯನದು. ಉಸ್ತಾದರ ಹಾಗೆ ಅವನೂ ಅರ್ಮೇನಿಯನ್ನೇ. ಕೈ ಬಹಳ ಚುರುಕು. ಎಷ್ಟೇ ಓಡಲಿ, ಒಂದೊಂದು ಸ್ವರವೂ ಬಿಡಿಬಿಡಿ ಕೇಳಿಸುತ್ತದೆ. ಬೆರಗಾಗುತ್ತದೆ, ಸುಳ್ಳೇಕೆ. ಆದರೆ ಮುದುಕರು ಒಂದು ಸ್ವರ ಬಾರಿಸಿ ಸುಮ್ಮನಾಗುತ್ತಾರಲ್ಲ… ಆ ಸುಮ್ಮನಿರುವುದು ಅವನಿಗೆ ಇನ್ನೂ ಬಂದಿಲ್ಲ. ನನ್ನ ಮಾತಂತೂ ಬಿಡು.

ಮೊನ್ನೆ ನಾನು ಕಲಿಸುವ ತಂಬೂರ ಊರಿನ ಶಾಲೆಯಲ್ಲಿ ಹೆಡ್‌ಮಾಸ್ತರ ಮಡಿವಾಳೆಪ್ಪನವರ ಮುಂದೆ ಇದನ್ನು ಹೇಳಿದೆ. ಹಾರ್ಮೋನಿಯಂ ಬಾರಿಸುವವರು, ತಿಳಿದೀತು ಅಂದುಕೊಂಡಿದ್ದು ನನ್ನ ತಪ್ಪು.

"ಎರಡು ಗಾಂಧಾರದ ನಡುವ ಅಂದ್ರ ಬೇಸೂರ ಆತಲ್ರಿ ಬಾಯಾರ" ಅಂದರು. ಉಳಿದ ಮಾಸ್ತರರೆಲ್ಲ ನಕ್ಕರು.

ಕೇಳದೆಯೇ ತೀರ್ಪು! ಈ ಸೀಮೆಯಲ್ಲಿ ಕಿವಿ ಇದ್ದವರು ಒಬ್ಬರೂ ಇಲ್ಲ.

7 ಏಪ್ರಿಲ್. ಸಂಜೆ

ಖಾಜಾಸಾಬ ಬಂದಿದ್ದ. ಕುವೈತಿನಲ್ಲಿ ದಾವೂದ ಭೈಯಾನ ಜೊತೆ ಒಂದೇ ರೂಮಿನಲ್ಲಿ ಇರುವವನು. ರಜೆಗೆ ಬಂದಿದ್ದಾನೆ. ಭೈಯಾ ಅಲ್ಲಿ ಗರಬೇತ್ ಉಸ್ತಾದರ ಮಗನ ಅಂಗಡಿಗೆ ಡ್ರೈವರ್. ಈ ಊದ್, ಈ ಕ್ಯಾಸೆಟ್ ಎಲ್ಲ ಆ ಮನೆಯಿಂದಲೇ ಬಂದದ್ದು.

"ನಿಮ್ಮಣ್ಣ ಮುದುಕರ ಮುಂದ ನಿನ್ನ ಸುದ್ದಿ ಹೇಳ್ಯಾನ" ಅಂದ. "ಕ್ಯಾಸೆಟ್ ಕೇಳಿ ಕಲ್ಯಾಕತ್ತಾಳ ಅಂದ್ರ ಮೊದಲ ನಕ್ಕರಂತ. ಆಮ್ಯಾಲ, ಬಾರಿಸಿ ಕಳಸಲಿ, ಕೈ ಸುದ್ದ ಐತೋ ಇಲ್ಲೋ ನಾ ಹೇಳ್ತೀನಿ ಅಂದ್ರಂತ."

ಉಸ್ತಾದರು ನನ್ನ ಕೈ ಕೇಳುತ್ತಾರೆ! ಬೇಸಿಗೆ ಕಳೆದ ಮೇಲೆ ಅವರು ಅಮೇರಿಕದ ಮಗಳ ಮನೆಗೆ ಹೋಗಿಬಿಡುತ್ತಾರಂತೆ. ಖಾಜಾಸಾಬ ಹೊರಡುವುದು ಮೇ ಆರಕ್ಕೆ. ಅವನ ಕೈಯಲ್ಲಿ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಮ್ಮಾ ಅಡುಗೆಮನೆಯಿಂದಲೇ ಶುರುಮಾಡಿದಳು. "ಶಾಲಿ ಸಾಕಾಗಿಲ್ಲೇನ ನಿನಗ? ಕಂಡವರ ಚೀಲದಾಗ ನಿನ್ನ ಬಾಜಾನೂ ಕಳಸ್ತೀಯೇನ?"

ಪಾತ್ರೆ ಜೋರಾಗಿ ಇಟ್ಟೆ.

16 ಏಪ್ರಿಲ್, ಶನಿವಾರ

ಹಾಳು ಬಿಸಿಲು. ಊದ್‌ನ ಮುಖದ ಹಲಗೆ ಬಿರುಕುಬಿಟ್ಟಿದೆ. ಬೆಳಿಗ್ಗೆ ಶ್ರುತಿ ಮಾಡುವಾಗ ಟಕ್ ಅಂತು. ಎರಡು ಹಲಗೆ ಕೂಡಿದ ಕಡೆ ಸೀಳು, ಉಗುರು ಹೋಗುವಷ್ಟು. ಕೂತು ಅತ್ತೆ. ಸೋಮವಾರದಿಂದ ತಿಂಗಳ ಕೊನೆಯವರೆಗೆ ಧಾರವಾಡದಲ್ಲಿ ಟ್ರೇನಿಂಗ್ ಬೇರೆ. ತಪ್ಪಿಸಿದರೆ ಸಂಬಳ ಹಿಡಿಯುತ್ತಾರೆ.

ಬಾಜು ಮನೆಯ ಈರಪ್ಪಕಾಕಾ ನೋಡಿದ. ತೊಟ್ಟಿಲು ಮಾಡಿ ಬಣ್ಣ ಬರೆಯುವ ಮನೆತನ. ಕಲಘಟಗಿಯಲ್ಲಿ ಕಟ್ಟಿಗೆಯ ಮಾತು ಬಂದರೆ ಅವನ ಮನೆಗೇ ಹೋಗಬೇಕು.

"ಇದೇನ ದೊಡ್ಡದ ಬೇ? ಬಿಟ್ಟು ಹೋಗು. ನೀ ಬರೂದ್ರಾಗ ಕೂಡಸಿ ಇಟ್ಟಿರತೀನಿ."

"ಬರೇ ಅಂಟು ಹಾಕಿ ಕೂಡಸ್ರಿ ಕಾಕಾ. ಮತ್ತೇನ ಮಾಡಬ್ಯಾಡ್ರಿ."

"ಆತು, ಆತು."

30 ಏಪ್ರಿಲ್, ಶನಿವಾರ. ಸಂಜೆ

ಧಾರವಾಡದಿಂದ ಬಂದು ಊದ್ ನೋಡಿದೆ. ಬರೆಯಲೂ ಆಗುತ್ತಿಲ್ಲ.

ಬಣ್ಣ ಹಚ್ಚಿದ್ದಾನೆ. ಊದ್‌ನ ಮುಖಕ್ಕೆ. ಇಡೀ ಮುಖಕ್ಕೆ!

ಕೆಂಪು ನೆಲ. ಹಸಿರು ಗಿಳಿಗಳು. ಸುತ್ತ ಹಳದಿ ಬಳ್ಳಿ. ಅದರ ಮೇಲೆ ಅರಗಿನ ಮೆರುಗು, ಮುಖ ನೋಡಿಕೊಳ್ಳುವಷ್ಟು. ಇನ್ನು ತೊಟ್ಟಿಲಿನ ಹಾಗೆ ನಾಲ್ಕು ಸರಪಳಿ ಕಟ್ಟಿ ಜಂತಿಗೆ ತೂಗುಹಾಕುವುದೊಂದು ಬಾಕಿ.

ದನಿ ಹುಟ್ಟುವುದೇ ಆ ಹಲಗೆಯಲ್ಲಿ. ಕಾಗದಕ್ಕಿಂತ ತುಸು ದಪ್ಪ, ಅಷ್ಟೆ. ಬರಿ ಕಟ್ಟಿಗೆ ಇರಬೇಕು, ಎಣ್ಣೆಯನ್ನೂ ಸೋಕಿಸಬಾರದು. ಭೈಯಾ ಸಾರಿ ಸಾರಿ ಹೇಳಿ ಕೊಟ್ಟಿದ್ದ. ತಂತಿ ಏರಿಸಿ ಮೀಟಿದೆ. ದಪ್. ಹಿಟ್ಟಿನ ಚೀಲ ಬಡಿದ ಹಾಗೆ. ಮತ್ತೆ ಮೀಟಿದೆ. ದಪ್.

ಅಮ್ಮಾ ಬಂದು ನೋಡಿ, "ಈಗ ಛಂದ ಕಾಣತೈತಿ ನೋಡು" ಅಂದಳು.

ಚೀರಿದೆ. ಓಣಿಗೆಲ್ಲ ಕೇಳಿರಬೇಕು.

1 ಮೇ, ಭಾನುವಾರ

ಹೋಗಿ ಕೇಳಿಯೇಬಿಟ್ಟೆ. ಕಾಕಾ ತೊಟ್ಟಿಲಿನ ಕಾಲಿಗೆ ಬಣ್ಣ ಹಾಕುತ್ತ ಕೂತಿದ್ದ. ಹೊಗಳಲು ಬಂದಿದ್ದೇನೆ ಅಂದುಕೊಂಡು ನಕ್ಕ. ಆ ನಗು ನೋಡಿ ಇನ್ನಷ್ಟು ಉರಿದುಹೋಯಿತು.

"ಅಂಟು ಅಷ್ಟ ಅಂದಿದ್ದೆನಲ್ರಿ!"

"ನಮ್ಮ ಮನಿಯಿಂದ ಬರೇ ಕಟ್ಟಿಗಿ ಹೊರಗ ಹೋಗೂದಿಲ್ಲ ನಸೀಮಾ. ಅಪ್ಪನ ಕಾಲದಿಂದ ಹಂಗ ಐತಿ. ಬಣ್ಣ ಇಲ್ಲದ ಕಟ್ಟಿಗಿ ಹೋಗೂದು ಹೆಣದ ಸಂಗಾಟ ಅಷ್ಟ. ನಿನ್ನ ಕೈಯಾಗ ಅಂಥಾದ್ದ ಹೆಂಗ ಕೊಡಲಿ?"

"ಅದರ ದನೀನ ಸತ್ತೈತಿ ಈಗ. ನೀವ ಕೊಂದ್ರಿ."

ಅವನ ಮುಖ ಕಪ್ಪಾಯಿತು. "ಅಗದಿ ಮನಸಿಟ್ಟು ಬರದೀನಿ ಬೇ" ಅಂದ. ಹೆಂಡತಿ ಗೌರಕ್ಕ ಒಳಗಿನಿಂದ ಬಂದು, ಇಷ್ಟು ಹಿರಿಯರ ಜೊತೆ ಹೀಗೆ ಮಾತಾಡುತ್ತಾರೇನು ಅಂತ ನನಗೇ ಬೈದಳು.

ಮನಸ್ಸಿಟ್ಟು ಬರೆದನಂತೆ! ಯಾರು ಕೇಳಿದ್ದರು ಇವನ ಮನಸ್ಸನ್ನು? ಕೆಡಿಸಿದವನು ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ.

3 ಮೇ

ಒಡೆದ ಕಂದೀಲಿನ ಗಾಜು ತಗೊಂಡು ಕಟ್ಟೆಯ ಮೇಲೆ ಕೂತು ನಾನೇ ಕೆರೆಯತೊಡಗಿದೆ. ಕೆಂಪು ಪುಡಿ ಮಡಿಲ ತುಂಬ. ಒಂದು ಗಿಳಿಯ ಬಾಲ ಹೋಯಿತು. ಖುಷಿಯಾಯಿತು, ನಿಜ ಹೇಳಬೇಕೆಂದರೆ. ಇನ್ನೂ ಒತ್ತಿದೆ. ಗಾಜು ಕಟ್ಟಿಗೆಗೆ ಸಿಕ್ಕಿಕೊಂಡಿತು.

"ಹಂಗಲ್ಲ ಬೇ! ಹಲಗಿ ಹರೀತೈತಿ!"

ಈರಪ್ಪಕಾಕಾ. ಯಾವಾಗ ಬಂದು ನಿಂತಿದ್ದನೋ. ನನ್ನ ಕೈಯಿಂದ ಗಾಜು ಕಸಿದುಕೊಂಡ. ಊದ್ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಕಟ್ಟಿಗೆಯ ಎಳೆ ಹೋದ ಕಡೆಗೇ ಗಾಜು ಎಳೆದ, ಬಹಳ ಹಗುರವಾಗಿ. ತನ್ನ ಬಳ್ಳಿ ತಾನೇ ಕೆರೆದ. ತನ್ನ ಗಿಳಿ ತಾನೇ. ಒಂದು ಗಿಳಿಯ ಕಣ್ಣಿನ ಹತ್ತಿರ ಬಂದಾಗ ಕೈ ನಿಂತಿತು.

"ಇದೊಂದ ಕಣ್ಣಿಗೆ ಮುಂಜಾನಿ ಪೂರಾ ಹೋಗಿತ್ತ."

ಆಮೇಲೆ ಅದನ್ನೂ ಕೆರೆದ. ದೀಪ ಹಚ್ಚುವ ಹೊತ್ತಿನವರೆಗೂ ಏಳಲಿಲ್ಲ. ತಪ್ಪಾಯಿತು ಅಂತ ಅವನು ಹೇಳಲಿಲ್ಲ. ನಾನೂ ಚಹಾ ಕೊಡಲಿಲ್ಲ. ಅಮ್ಮಾ ಕೊಟ್ಟಳು.

5 ಮೇ, ಗುರುವಾರ. ಸಂಜೆ

ತಂತಿ ಏರಿಸಿದೆ. ದನಿ ಬಂತು. ಮೊದಲಿನದಲ್ಲ. ಕೆಳಗಿನ ತಂತಿಗಳು ಇನ್ನೂ ಮಂಕು, ಶೀತವಾದವರ ಗಂಟಲಿನ ಹಾಗೆ. ನಾಳೆ ಬೆಳಿಗ್ಗೆಯೇ ಖಾಜಾಸಾಬ ಹೊರಡುತ್ತಾನೆ. ಇದರಲ್ಲೇ ಬಾರಿಸಬೇಕು. ಉಸ್ತಾದರ ಕಿವಿಗೆ ಈ ಮಂಕು ದನಿ! ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಕಾಕಾ ಬಿರುಕು ನೋಡಲು ಬಂದ. ಹೋಗುವಾಗ ಬಾಗಿಲಲ್ಲಿ ನಿಂತು, "ಆ ಮುದುಕರದು ಒಂದೀಟ ಹಚ್ಚ ಬೇ, ಕೇಳೂಣು" ಅಂದ.

ಹಚ್ಚಿದೆ. ಸಿಟ್ಟಿನಿಂದಲೇ. ಕಣ್ಣು ಮುಚ್ಚಿ ಕೇಳಿದ. ಮುಗಿಯುವವರೆಗೂ ಅಲುಗಾಡಲಿಲ್ಲ.

"ಇದರಾಗ ಹಚ್ಚಿದ್ದಕ್ಕಿಂತ ಬಿಟ್ಟಿದ್ದ ಭಾಳ ಐತಿ" ಅಂದ.

ಸಿಟ್ಟು ನೆತ್ತಿಗೇರಿತು. "ಇಷ್ಟ ತಿಳಿಯೂ ಮಂದಿ, ಬಣ್ಣ ಹಚ್ಚೂಕಿಂತ ಮೊದಲ ಒಮ್ಮೆ ಕೇಳಬಾರದಾಗಿತ್ತೇನ್ರಿ?"

"ನೀ ಯಾವತ್ತರ ಕರದಿಯೇನ ಬೇ? ಎರಡು ವರ್ಷ ಆತು, ಬಾಗಲಾ ಹಾಕ್ಕೊಂಡ ಬಾರಸ್ತಿ. ನಮಗ ಗ್ವಾಡಿ ಆಚಿಂದ ಟಿಂಗ್ ಟಿಂಗ್ ಅಷ್ಟ."

ಕ್ಯಾಸೆಟ್ ಕಿತ್ತು ಡಬ್ಬಿಗೆ ಹಾಕಿದೆ. ಕೋಪ ಮಾತ್ರ ಇದೆ, ಮೊದಲಿಗಿಂತ ಹೆಚ್ಚು.

6 ಮೇ, ಶುಕ್ರವಾರ. ಬೆಳಿಗ್ಗೆ 9

ಬಾಗಿಲು ತೆರೆದೇ ಇಟ್ಟು ಬಾರಿಸಿದೆ. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ. ಹಟಕ್ಕೇ ಇರಬೇಕು. ಅಮ್ಮಾ ಅಕ್ಕಿ ಆರಿಸುತ್ತ ಗೋಡೆಗೆ ಒರಗಿ ಕೂತಳು. ಈರಪ್ಪಕಾಕಾ ಹೊಸ್ತಿಲ ಮೇಲೆ. ರೆಕಾರ್ಡರಿನ ಕೆಂಪು ಗುಂಡಿ ಒತ್ತಿದೆ.

ಮೊದಲು ಕೈ ಒರಟಾಗಿ ಬಿತ್ತು. ಆಮೇಲೆ ಸ್ವಲ್ಪ ಹದಕ್ಕೆ ಬಂತು. ಗಾಂಧಾರಗಳ ನಡುವಿನ ಜಾಗ ಸಿಕ್ಕಿತು. ಜಾರಲಿಲ್ಲ. ಅಲ್ಲೇ ನಿಂತು ಸುಮ್ಮನಾದೆ, ಉಸ್ತಾದರು ಆಗುವಷ್ಟು ಹೊತ್ತು. ಇದುವರೆಗೆ ಒಮ್ಮೆಯೂ ಆಗದ್ದು ಇಂದು ಆಯಿತು.

ಅಷ್ಟರಲ್ಲಿ ಹೊಸ್ತಿಲಿನಿಂದ, "ಹಾಂ…" ಅಂದುಬಿಟ್ಟ!

ಹೇಗೋ ಮುಗಿಸಿ, ಹಿಂದಕ್ಕೆ ತಿರುಗಿಸಿ ಕೇಳಿದೆ. ಇದೆ. ನನ್ನ ಊದ್‌ಗಿಂತ ಸ್ಪಷ್ಟವಾಗಿ ಇದೆ.

"ಬಾಯಿ ಮುಚ್ಚಿಕೊಂಡ ಕೂಡ್ರಾಕ ಬರೂದಿಲ್ಲೇನ್ರಿ ನಿಮಗ? ಹಾಳ ಮಾಡಿದ್ರಲ್ಲ ಮತ್ತ!"

"ನಾ ಅನ್ಲಿಲ್ಲ ಬೇ. ತಾನ ಬಂತು."

ಖಾಜಾಸಾಬ ಬಂದು ಅಂಗಳದಲ್ಲಿ ನಿಂತಿದ್ದ. ಹುಬ್ಬಳ್ಳಿ ಬಸ್ಸಿನ ಹೊತ್ತು. ಮತ್ತೊಮ್ಮೆ ಬಾರಿಸಲು ಪುರಸೊತ್ತಿಲ್ಲ. ಆ "ಹಾಂ" ಒಂದನ್ನು ಅಳಿಸಬಹುದಿತ್ತು, ಗುಂಡಿ ಒತ್ತಿ ಬಿಟ್ಟರೆ ಸಾಕಿತ್ತು. ಕ್ಯಾಸೆಟ್ ಕೈಯಲ್ಲಿ ಹಿಡಿದು ನಿಂತೆ. ಖಾಜಾಸಾಬ "ಜಲ್ದಿ" ಅಂದ.

ಕೊಟ್ಟೆ. ಹಾಗೆಯೇ ಕೊಟ್ಟೆ.

ಬಸ್ಸು ಹೋಗಿ ಅರ್ಧ ಗಂಟೆ ಆಯಿತು. ಸಿಟ್ಟು ಇಳಿದಿಲ್ಲ. ಎರಡು ವರ್ಷ ಕಾದದ್ದು ಒಂದು "ಹಾಂ" ಕೇಳುವುದಕ್ಕೇ ಆಗಿದ್ದರೆ, ಅದು ಕುವೈತಿನಿಂದ ಬರಬೇಕಿತ್ತು. ಈ ಮುದುಕನ ಬಾಯಿಂದ, ಅದೂ ಇಂಥ ಹೊತ್ತಿನಲ್ಲಿ… ಇನ್ನೂ ಎದ್ದು ಹೋಗಿಲ್ಲ ಅವನು. ಹೊಸ್ತಿಲ ಮೇಲೆಯೇ ಇದ್ದಾನೆ. ಅಲ್ಲಿಂದಲೇ ಕರೆಯುತ್ತಿದ್ದಾನೆ—

"ನಸೀಮಾ, ಬರಿಯೂದ ಸಾಕ ಮಾಡ. ನೀ ಸುಮ್ಮನ ನಿಂತಿದ್ದಿಯಲ್ಲ, ಅಲ್ಲಿಂದ ಇನ್ನೊಮ್ಮಿ ಬಾರಸ—"