ಮರದ ನೆರಳಲ್ಲಿ ನಿಲ್ಲಿಸಿದ ಗಾಡಿ

ಮನೆಯಿಂದ,
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಪ್ಪಾ,

ಕಾಲು ಹೇಗಿದೆ? ಊರುಗೋಲಿಲ್ಲದೆ ಎಷ್ಟು ಹೆಜ್ಜೆ ಹಾಕಿದಿರಿ? ವ್ಯಾಯಾಮ ಮಾಡಿಸುವ ಮೇಡಂ ಹತ್ತು ಹೆಜ್ಜೆ ಎಂದರೆ ಹದಿನೈದು ನಡೆದು ಆಮೇಲೆ ನರಳುವ ನಿಮ್ಮ ಚಾಳಿ ನನಗೆ ಗೊತ್ತು, ದಯವಿಟ್ಟು ಬೇಡ. ಪಕ್ಕದ ಹಾಸಿಗೆಯ ಗೊರಕೆ ಮೇಷ್ಟ್ರು ಮನೆಗೆ ಹೋದರೋ, ಇನ್ನೂ ಅಲ್ಲೇ ಸಂಗೀತ ನಡೆಸಿದ್ದಾರೋ? ಭಾನುವಾರ ನೀವು ಗಡ್ಡ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಆಸ್ಪತ್ರೆಯ ಗೇಟಿನ ಪಕ್ಕದ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದಿರಂತೆ. ಸಿಸ್ಟರ್ ಫೋನಿನಲ್ಲಿ ಹೇಳಿದರು. ಗಾಡಿ ಪಂಕ್ಚರ್ ಆಯಿತು, ಬರಲಾಗಲಿಲ್ಲ ಎಂದಷ್ಟೇ ಅವರಿಗೆ ಹೇಳಿದ್ದೆ. ಪೂರ್ತಿ ಹೇಳೋಣವೆಂದರೆ ಫೋನಿನಲ್ಲಿ ನೀವು ‘ಹೂಂ’ ಬಿಟ್ಟು ಇನ್ನೊಂದು ಮಾತಾಡುವವರಲ್ಲ. ಕಾಗದವಾದರೆ ಎರಡು ಸಲ ಓದುತ್ತೀರಿ. ಮೊದಲೇ ತಿಳಿಸಿಬಿಡುತ್ತೇನೆ, ನಮಗಿಬ್ಬರಿಗೂ ಏನೂ ಆಗಿಲ್ಲ. ಗಾಡಿಯ ಬಲಗಡೆಯ ಕನ್ನಡಿ ಹೋಗಿದೆ.

ಅಮ್ಮನನ್ನು ಹೊರಡಿಸುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಐದು ತಿಂಗಳು ಅಪ್ಪಾ! ಪ್ರತಿ ಭಾನುವಾರ ಒಂದು ನೆಪ. ಒಂದು ವಾರ ಮಂಡಿನೋವು, ಒಂದು ವಾರ ನಲ್ಲಿಯಲ್ಲಿ ನೀರು ಬರುವ ದಿನ, ಇನ್ನೊಂದು ವಾರ ಮನೆಯ ಬೀಗ ಸರಿ ಇಲ್ಲ. ನಿಮ್ಮ ಮೇಲೆ ಸಿಟ್ಟು ಎಂದೇ ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದು, ಕೇಳುವುದನ್ನೇ ಬಿಟ್ಟಿರಿ. ಇಪ್ಪತ್ತು ವರ್ಷ ಮೀಟರ್ ರೀಡಿಂಗಿಗೆ ಬೀದಿ ಬೀದಿ ಸುತ್ತಿದರೂ ಒಂದು ಗೀರು ಬೀಳದಂತೆ ಗಾಡಿ ಓಡಿಸಿದವರು, ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋದ ಆ ದಿನ ಪಂಕ್ಚರ್ ಆದಾಗ ಯಾಕೆ ಹಾಗೆ ತಿರುವಿನಲ್ಲೇ ನಿಲ್ಲಿಸಿ, ರಸ್ತೆಗೆ ಬೆನ್ನು ಹಾಕಿ ಕೂತಿರಿ? ಲಾರಿಯವನು ಕಾಲು ಮುರಿದ, ಸರಿ, ಆದರೆ ನೀವು ಯಾಕೆ ಅಲ್ಲಿ ಕೂತಿರಿ? ಇದನ್ನು ಅಮ್ಮನ ಮುಂದೆ ನಾನೆಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಅಂತೂ ಶನಿವಾರ ತಾನಾಗಿಯೇ, ‘ನಿಧಾನಕ್ಕೆ ಓಡಿಸೋದಾದ್ರೆ ಬರ್ತೀನಿ’ ಎಂದಳು. ತನ್ನ ಸವತಿ ಎಂದು ಬೈಯುತ್ತಿದ್ದ ಗಾಡಿಯನ್ನು ಹತ್ತಿ, ನಿಮ್ಮ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದು ಕೂತಳು.

ಕಾಲುವೆ ದಾಟಿ ಗುಡ್ಡದ ಏರು ಹತ್ತಿದಾಗ ಹಿಂದಿನ ಚಕ್ರ ಅತ್ತಿತ್ತ ಜಾರತೊಡಗಿತು. ನೀವು ಕಲಿಸಿದ್ದನ್ನು ಮರೆತಿರಲಿಲ್ಲ. ಬ್ರೇಕ್ ಒತ್ತಲಿಲ್ಲ, ಹ್ಯಾಂಡಲ್ ನೆಟ್ಟಗೆ ಹಿಡಿದು ವೇಗ ತಾನಾಗಿ ಇಳಿಯಲು ಬಿಟ್ಟೆ. ಅಲ್ಲಿಯವರೆಗೆ ಜಾಣೆ. ಆಮೇಲೆ ಬುದ್ಧಿ ಎಲ್ಲಿ ಹೋಯಿತೋ! ತಿರುವು ದಾಟಿದ ಕೂಡಲೇ ಒಂದು ದೊಡ್ಡ ಮರ, ಅದರ ಕೆಳಗೆ ತಂಪಾದ ನೆರಳು. ಬಿಸಿಲು ಚುರುಗುಟ್ಟುತ್ತಿತ್ತು. ಗಾಡಿಯನ್ನು ಅಲ್ಲಿಗೇ ತಳ್ಳಿ, ಸೈಡ್ ಸ್ಟ್ಯಾಂಡ್ ಹಾಕಿ, ಮೊಳೆ ಎಲ್ಲಿ ಹೊಕ್ಕಿದೆ ಎಂದು ನೋಡಲು ರಸ್ತೆಯ ಕಡೆಯಿಂದ ಕುಕ್ಕರಗಾಲಿನಲ್ಲಿ ಕೂತೆ. ಥೇಟ್ ನಿಮ್ಮ ಹಾಗೆಯೇ.

ಅಮ್ಮ ಡಬ್ಬಿ ಹಿಡಿದು ಮರದ ಬುಡದಲ್ಲಿ ನಿಂತಿದ್ದಳು. ಒಮ್ಮೆ ತಲೆ ಎತ್ತಿದೆ, ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಮರುಕ್ಷಣ ತಿರುವಿನ ಆಚೆಯಿಂದ ಹಾರ್ನ್ ಕೇಳಿತು. ‘ಏಳೇ! ಮೊದ್ಲು ಏಳು ಅಲ್ಲಿಂದ!’ ಎಂದು ಕಿರುಚಿ, ನನ್ನ ಕಾಲರ್ ಹಿಡಿದು ಎಳೆದಳು. ಡಬ್ಬಿ ಎಲ್ಲೋ ಬಿತ್ತು, ಇಬ್ಬರೂ ಮರದ ಬೇರಿನ ಮೇಲೆ ಬಿದ್ದೆವು. ಜಲ್ಲಿ ಲಾರಿ ನಿಲ್ಲದೆ ಹೋಯಿತು. ಅದರ ಗಾಳಿಗೆ ಗಾಡಿ ಒಮ್ಮೆ ಓಲಾಡಿ, ನಾನು ಕೂತಿದ್ದ ಜಾಗದ ಮೇಲೇ ಧಡಾರನೆ ಮಗುಚಿತು. ಚಕ್ರದಲ್ಲಿ ಗಾಳಿ ಇಲ್ಲದಿದ್ದರೆ ಗಾಡಿ ತಗ್ಗುತ್ತದೆ, ಸೈಡ್ ಸ್ಟ್ಯಾಂಡಿನ ಕಡೆಗೆ ವಾಲದೆ ನೆಟ್ಟಗೆ ನಿಲ್ಲುತ್ತದೆ, ಸ್ವಲ್ಪ ತಾಗಿದರೂ ಆಚೆಗೆ ಉರುಳುತ್ತದೆ ಎಂದು ನೀವು ನೂರು ಸಲ ಹೇಳಿದ್ದಿರಿ. ನೂರು ಸಲವೂ ತಲೆ ಆಡಿಸಿದ್ದೆ.

ಈಗ ಗಾಡಿ ಅರ್ಧ ರಸ್ತೆಗೆ ಅಡ್ಡ ಬಿದ್ದಿದೆ, ತಿರುವಿನ ಆಚೆ ಮುಂದಿನ ಲಾರಿ ಎಷ್ಟು ದೂರದಲ್ಲಿದೆಯೋ ಗೊತ್ತಿಲ್ಲ. ನಾನು ಬೇರಿನ ಮೇಲೇ ಕೂತುಬಿಟ್ಟಿದ್ದೆ. ಆದರೆ ನಮ್ಮಮ್ಮ, ಜಿರಳೆ ಕಂಡರೆ ಕುರ್ಚಿ ಹತ್ತುವ ನಮ್ಮಮ್ಮ, ನನ್ನ ಕೆಂಪು ಜಾಕೆಟ್ ಕಿತ್ತುಕೊಂಡು ತಿರುವಿನ ಆಚೆಗೆ ಓಡಿದಳು. ರಸ್ತೆಯ ಅಂಚಿನಲ್ಲಿ ನಿಂತು ಅದನ್ನು ಬೀಸುತ್ತಾ, ಬರುವ ಗಾಡಿಗಳನ್ನೆಲ್ಲ ‘ನಿಧಾನಾ! ನಿಧಾನಾ!’ ಎಂದು ಗದರಿದಳು. ಅಷ್ಟರಲ್ಲಿ ನಾನು ಸೀಟಿಗೆ ಬೆನ್ನು ಕೊಟ್ಟು, ಕಾಲಿನ ಬಲದಿಂದ ಗಾಡಿ ಎತ್ತಿದೆ. ಎರಡು ಸಲ ಆಗಲಿಲ್ಲ, ಮೂರನೆಯ ಸಲ ಎದ್ದಿತು. ಆಮೇಲೆ ನಾನು ಹ್ಯಾಂಡಲ್ ಹಿಡಿದೆ, ಅವಳು ಹಿಂದಿನಿಂದ ತಳ್ಳಿದಳು. ಮುಂದಿದ್ದ ಮರ ಕೊಯ್ಯುವ ಮಿಲ್ಲಿನವರೆಗೆ ಇನ್ನೂರು ಹೆಜ್ಜೆ ಇರಬಹುದು, ನನ್ನ ಪಾಲಿಗೆ ಅದು ಮುಗಿಯುವ ದಾರಿಯಾಗಿರಲಿಲ್ಲ. ಪ್ರತಿ ಹಾರ್ನಿಗೂ ಗಾಡಿಯನ್ನು ಅಂಚಿಗೆ ಒತ್ತಿ ನಿಲ್ಲುತ್ತಿದ್ದೆವು.

ಭಾನುವಾರವಾದ್ದರಿಂದ ಮಿಲ್ಲು ಮುಚ್ಚಿತ್ತು. ಕಾವಲಿನವನು ‘ಒಳಗೆ ಬಿಡೋ ಹಾಗಿಲ್ಲಮ್ಮ, ಮಾಲೀಕರು ಬೈತಾರೆ’ ಎಂದು ರಾಗ ಎಳೆದ. ‘ಬೈದ್ರೆ ನನ್ನ ಹತ್ರ ಕಳ್ಸು, ಬೈಸ್ಕೊಂಡು ನಂಗೆ ಅಭ್ಯಾಸ ಇದೆ’ ಎಂದು ಅಮ್ಮ ತಾನೇ ಗೇಟು ತೆರೆದಳು. ಅಂಗಳದ ತುಂಬ ಮರದ ಹೊಟ್ಟು, ಸ್ಟ್ಯಾಂಡ್ ಹೂತುಹೋಗುತ್ತಿತ್ತು. ಅವಳೇ ಒಂದು ಹಲಗೆ ತುಂಡು ಹುಡುಕಿ ತಂದಿಟ್ಟಳು. ನಾನು ಗಾಡಿಯನ್ನು ಹಿಂದಕ್ಕೆ ಎಳೆದು ಎಳೆದು ಸುಸ್ತಾದಾಗ, ‘ಎಳೆಯೋದಲ್ಲ ಕಣೇ, ಸ್ಟ್ಯಾಂಡ್ ತುಳಿಬೇಕು’ ಎಂದು ಬದಿಗೆ ಸರಿಸಿ, ಒಂದೇ ತುಳಿತಕ್ಕೆ ನಡು ಸ್ಟ್ಯಾಂಡ್ ಹಾಕಿದಳು. ಇಪ್ಪತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತು ಸುಮ್ಮನೆ ಬೈಯುತ್ತಿದ್ದಳು ಎಂದುಕೊಂಡಿದ್ದೆ, ಎಲ್ಲವನ್ನೂ ನೋಡಿಟ್ಟುಕೊಂಡಿದ್ದಾಳೆ! ಹ್ಯಾಂಡಲಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ಆಮೇಲೆ ದಿಮ್ಮಿಯೊಂದರ ಮೇಲೆ ಕೂತವಳು ಅಳತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ನನಗೂ ಅಳು ಬಂತು.

ಅಂದು ಬಸ್ಸಿನಲ್ಲಿ ಮನೆಗೆ ಮರಳಿದೆವು, ಸೋಮವಾರ ಪಂಕ್ಚರ್ ಅಂಗಡಿಯವನನ್ನು ಕರೆದೊಯ್ದು ಮಿಲ್ಲಿನಿಂದ ಗಾಡಿ ತಂದೆ. ಟ್ಯೂಬ್ ಹೊಸದು, ರಿಮ್ಮಿಗೆ ಏನೂ ಆಗಿಲ್ಲ. ಗಾಳಿ ತುಂಬುವ ಪಂಪನ್ನೂ ಕೊಂಡೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ನೀವು ನಗಬಹುದು. ಕನ್ನಡಕದ ಅಂಗಡಿಯ ಕೆಲಸದಲ್ಲಿ ನಿನ್ನೆ ಎರಡು ಗಾಜು ತಪ್ಪಾಗಿ ಉಜ್ಜಿ ಹಾಳು ಮಾಡಿದೆ. ನೀವು ಗುಳಿಗೆ ತಪ್ಪಿಸಬೇಡಿ. ಸಿಸ್ಟರಿಗೂ ಗೊರಕೆ ಮೇಷ್ಟ್ರಿಗೂ ನನ್ನ ನಮಸ್ಕಾರ ಹೇಳಿ. ಅಮ್ಮ ಈ ಕಾಗದ ಓದಿದ್ದಾಳೆ. ‘ಜಿರಳೆ ವಿಷ್ಯ ಯಾಕೆ ಬೇಕಿತ್ತು’ ಎಂದಳು.

ನಿಮ್ಮ ಮಗಳು,
ಮೊಂಡಿ

ತಾ.ಕ.: ಅಮ್ಮ ಲಕೋಟೆ ತರಲು ಮೂಲೆ ಅಂಗಡಿಗೆ ಹೋಗಿದ್ದಾಳೆ, ಬರುವುದರೊಳಗೆ ಬರೆಯಬೇಕು. ಆ ದಿಮ್ಮಿಯ ಮೇಲೆ ಕೂತು ಅವಳು ಹೇಳಿದ್ದು ಇದು: ‘ಆವತ್ತು ನಿಮ್ಮಪ್ಪ ಮುಂದೆ ಬಯಲಿಗೆ ಹೋಗೋಣ ಅಂದ್ರು ಕಣೇ. ಬಿಸಿಲು, ನೆರಳಲ್ಲಿ ನಿಲ್ಸಿ ಅಂತ ಹಠ ಮಾಡಿದ್ದು ನಾನು.’ ನೀವು ಪೊಲೀಸರಿಗೂ ನನಗೂ ‘ನಾನೇ ನಿಲ್ಲಿಸಿದೆ, ನನ್ನದೇ ತಪ್ಪು’ ಎಂದಿರಿ. ಅದಕ್ಕೇ ಅವಳಿಗೆ ನಿಮ್ಮ ಮುಖ ನೋಡಲು ಆಗಿಲ್ಲ. ಸಿಟ್ಟಲ್ಲ ಅಪ್ಪಾ, ಒಂದು ದಿನವೂ ಸಿಟ್ಟಿರಲಿಲ್ಲ. ಈ ಭಾನುವಾರ ಬರುತ್ತಾಳೆ, ಅದೇ ಗಾಡಿಯಲ್ಲಿ. ತಾನೇ ಹೇಳಬೇಕಂತೆ, ನಾನು ಬರೆಯಕೂಡದಂತೆ, ಆದ್ದರಿಂದ ನಿಮಗೆ ಏನೂ ಗೊತ್ತಿಲ್ಲ. ಅವಳು ಬಾಯಿ ತೆರೆದ ಕೂಡಲೇ ‘ಹೋಗ್ಲಿ ಬಿಡು’ ಎನ್ನಬೇಡಿ, ಪೂರ್ತಿ ಹೇಳಲು ಬಿಡಿ. ಗೇಟು ಸದ್ದಾಯಿತು, ಬಂದಳು.