ಪುತಳಾಳ ಕೈ ಮತ್ತು ತಮ್ಮ ತೀರ್ಪು

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಈಗ ಸಂಜೆ ಏಳು ಗಂಟೆ. ಇಂದು ತಾವು ಅಕ್ಕಲಕೋಟದ ನಮ್ಮ ಕನ್ನಡ ಶಾಲೆಗೆ ದಯಮಾಡಿಸಿದಿರಿ, ಚಹಾ ಕುಡಿದಿರಿ, ನಾಲ್ಕನೆಯ ಇಯತ್ತೆಯ ಮಕ್ಕಳಿಂದ ತಕಲಿಯಲ್ಲಿ ನೂಲು ತೆಗೆಸಿದಿರಿ, ನನ್ನ ಮಗಳು ಪುತಳಾಳನ್ನು ನಾಪಾಸು ಮಾಡಿದಿರಿ. ಒಂದೇ ದಿನಕ್ಕೆ ಎಷ್ಟೊಂದು ಕೆಲಸ.

ಅವಳ ಎಳೆ ಪದೇ ಪದೇ ಹರಿದು, ತಕಲಿ ಉರುಳಿ ತಮ್ಮ ಬೂಟಿಗೆ ಬಡಿಯಿತೆಂದು ವರ್ಗಶಿಕ್ಷಕರು ಹೇಳಿದರು. ಬೂಟಿಗೆ ಪೆಟ್ಟಾಗಿಲ್ಲವೆಂದು ನಂಬಿದ್ದೇನೆ. “ಅವ್ವ ಸತ್ತಮ್ಯಾಲ ಪೋರಿ ಮೈಗಳ್ಳಿ ಆಗ್ಯಾಳ,” ಎಂದು ತಾವು ಇಡೀ ವರ್ಗಕ್ಕೆ ಕೇಳಿಸುವಂತೆ ತೀರ್ಪು ಕೊಟ್ಟಿರಿ. ಅದಕ್ಕವಳು, “ಹೆಂಗ ಮಾಡೂದು ನನಗ ಗೊತ್ತದ್ರಿ ಸಾಹೇಬ್ರ. ಕೈಗಿ ತಿಳಿವಲ್ದು,” ಎಂದಳಂತೆ. ಅದು ತಮಗೆ ಉದ್ಧಟತನವಾಯಿತು.

ಅವಳನ್ನು ತೋರಿಸಿದಾಗ ಸೊಲ್ಲಾಪುರದ ಡಾಕ್ಟರರು ಹೇಳಿದ್ದೂ ಅವಳ ಈ ಮಾತನ್ನೇ. ಬುದ್ಧಿ ಚುರುಕಾಗಿದೆ, ಕೈಯಲ್ಲಿ ಶಕ್ತಿಯೂ ಇದೆ, ಎರಡು ಕೈ ಕೂಡಿ ಮಾಡುವ ಕೆಲಸ ಮಾತ್ರ ಹೊಂದುವುದಿಲ್ಲ; ಬಿಡಿಬಿಡಿಯಾಗಿ ಕಲಿಸಬೇಕು, ಬೈದರೆ ಇನ್ನಷ್ಟು ಕೆಡುತ್ತದೆ ಎಂದರು. ಪಾಪ, ಅವರು ಬಹಳ ಹೊತ್ತು ಪರೀಕ್ಷಿಸಿದರು. ತಾವು ನಿಂತ ನಿಲುವಿನಲ್ಲೇ ಮೈಗಳ್ಳತನವೆಂದು ಕಂಡುಹಿಡಿದಿರಿ. ಇಂಥ ಪ್ರತಿಭೆ ಶಿಕ್ಷಣ ಇಲಾಖೆಯಲ್ಲಿ ಏಕೆ ಕೊಳೆಯಬೇಕು?

ಹಾಗಾದರೆ ಕಳೆದ ವರ್ಷ ಅಷ್ಟು ಸಣ್ಣ ನೂಲು ಹೇಗೆ ತೆಗೆದಳೆಂದು ಕೇಳಿದಿರಂತೆ. ಆಗ ನೂಲನ್ನು ಮನೆಯಿಂದ ತಂದರೆ ಸಾಕಿತ್ತು. ಅದನ್ನು ನೂತವಳು ನನ್ನ ಹೆಂಡತಿ ಕಮಳಾಬಾಯಿ. ತಾವು ಎತ್ತಿ ಹಿಡಿದು, ಎಲ್ಲರಿಗೂ ತೋರಿಸಿ, ‘ಉತ್ತಮ’ ಎಂದು ಶೇರಾ ಬರೆದದ್ದು ಮೂವತ್ತು ದಾಟಿದ ಹೆಂಗಸಿಗೆ. ಮೋಸವೇ, ಒಪ್ಪುತ್ತೇನೆ. ಆದರೆ ಮಗಳ ಬೆನ್ನ ಹಿಂದೆ ಕೂತು, ಅವಳ ಬೆರಳನ್ನು ತನ್ನ ಬೆರಳಲ್ಲಿ ಹಿಡಿದು, ಮೊದಲು ಕೆಳಗಿನ ಒಂದೇ ಗುಂಡಿ, ಅದು ಬಂದ ಮೇಲೆ ಅದರ ಮೇಲಿನದು, ಹೀಗೆ ಅಂಗಿ ತೊಡಲು ಕಲಿಸಿದವಳೂ ಅವಳೇ. ತಕಲಿಯನ್ನೂ ಹಾಗೆಯೇ ಕಲಿಸುವವಳಿದ್ದಳು. ದೀಪಾವಳಿಗೆ ಮುಂಚೆಯೇ ತೀರಿಕೊಂಡಳು. ಆ ಮೈಗಳ್ಳತನಕ್ಕೆ ತಾವು ಯಾವ ಶೇರಾ ಬರೆಯುತ್ತೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ಲೆಕ್ಕ, ಓದು ಎಲ್ಲ ಬಲ್ಲ ಹುಡುಗಿಯನ್ನು ಒಂದು ತಕಲಿಗಾಗಿ ಅದೇ ಇಯತ್ತೆಯಲ್ಲಿ ಕೂಡಿಸಬೇಡಿ. ನೂಲುವ ಕ್ರಮವನ್ನು ಅವಳ ಬಾಯಿಂದ ಕೇಳಿ ಗುಣಾಂಕ ಕೊಡಿ. ಮೈಗಳ್ಳಿ ಎಂದದ್ದನ್ನು ಅದೇ ಮಕ್ಕಳ ಮುಂದೆ ಹಿಂತೆಗೆದುಕೊಳ್ಳಿ.

ನಾಳೆ ಶಾಲೆ ಇದೆ. ಹೋಗುವುದಿಲ್ಲ ಎಂದು ಪುತಳಾ ಹೇಳಿದ್ದಾಳೆ.

ಇಂತಿ,
ಮಗಳ ಜಡೆ ಹೆಣೆಯಲು ಇನ್ನೂ ಕೈ ಬಾರದ
ಸಾತಲಿಂಗಪ್ಪ
ಅಕ್ಕಲಕೋಟ, ಏಪ್ರಿಲ್ ೧೯೭೪