ಬಿರುಕನ್ನು ಒರೆಸಿ ‘ಅಸಲಿ’ ಎಂದ ಕ್ಯಾಮೆರಾ

ಕ್ಯಾಮೆರಾ ಕಂಪನಿಯ ಹೊಸ ಮಾದರಿಗಳ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮ್ಮ ಕ್ಯಾಮೆರಾ ನನ್ನ ಚಿಕ್ಕಮ್ಮನ ಮನೆಯ ಗೋಡೆಯಲ್ಲಿದ್ದ ಬಿರುಕನ್ನು, ನನ್ನನ್ನು ಒಂದು ಮಾತೂ ಕೇಳದೆ ಅಳಿಸಿಹಾಕಿದೆ. ಅಷ್ಟು ಸಾಲದು ಎಂಬಂತೆ ಅಳಿಸಿದ ಚಿತ್ರದ ಮೂಲೆಯಲ್ಲಿ ‘ಅಸಲಿ’ ಎಂದು ಮುದ್ರೆಯನ್ನೂ ಒತ್ತಿದೆ. ಆ ಮುದ್ರೆಯ ದೆಸೆಯಿಂದ ಚಿಕ್ಕಮ್ಮ ಇವತ್ತು, ತಾವು ಬಾಡಿಗೆಗಿರುವ ಮನೆಯ ಗೋಡೆಯನ್ನು ತಾವೇ ಒಡೆದರೆಂಬ ಆರೋಪ ಹೊತ್ತು ಕೂತಿದ್ದಾರೆ. ಬರುವ ಗುರುವಾರ ವಿಚಾರಣೆ. ಅಲ್ಲಿ ಸೋತರೆ ಮನೆ ಹೋಗುತ್ತದೆ, ಹೊಲಿಗೆ ಹೋಗುತ್ತದೆ, ಮಾನವೂ ಹೋಗುತ್ತದೆ. ಇದನ್ನು ತಮಗೆ ಖಾಸಗಿಯಾಗಿ ಬರೆಯಬಹುದಿತ್ತಲ್ಲ ಎನ್ನುತ್ತೀರೇನೋ. ಬರೆದೆ. ಬಂದ ಉತ್ತರ ಎಂಥದ್ದೆಂದು ಮುಂದೆ ಹೇಳುತ್ತೇನೆ. ಆ ಉತ್ತರ ಓದಿದ ಮೇಲೆಯೇ ನಾಲ್ಕು ಜನರಿಗೆ ಕೇಳುವ ಹಾಗೆ ಬರೆಯಬೇಕು ಅನ್ನಿಸಿದ್ದು.

ಕಳೆದ ವಾರ ತಮ್ಮ ವಿಭಾಗದಿಂದ ಛಾಯಾಗ್ರಾಹಕರಿಗೆಲ್ಲ ಒಂದು ಸಂದೇಶ ಬಂತು. ‘ಮುಂದಿನ ಕ್ಯಾಮೆರಾ, ಮುಂದಿನ ಲೆನ್ಸ್ ಹೇಗಿರಬೇಕು? ಕನಸು ಕಾಣಿ, ನಮಗೆ ಹೇಳಿ’ ಎಂದು. ಆಹಾ, ಎಂಥ ಕಾಳಜಿ! ನಮ್ಮ ಸಂಘದ ಕೋಣೆಯಲ್ಲಿ ಅವತ್ತು ಗಲಾಟೆಯೋ ಗಲಾಟೆ. ಮದುವೆ ಫೋಟೋ ತೆಗೆಯುವ ಗೆಳತಿ, ಸರಿಯಾಗಿ ಹೂಮಾಲೆ ಹಾಕುವ ಹೊತ್ತಿಗೆ ಪ್ರಾಣ ಬಿಡದ ಬ್ಯಾಟರಿ ಬೇಕು ಎಂದಳು. ಹಕ್ಕಿಗಳ ಹಿಂದೆ ಅಲೆಯುವ ಹಿರಿಯರೊಬ್ಬರು, “ಹೊತ್ತೂ ಹೊತ್ತೂ ಒಂದು ಭುಜ ಇಳಿದೇ ಹೋಗಿದೆ ಕಣ್ರಮ್ಮ, ಲೆನ್ಸ್ ಸ್ವಲ್ಪ ಹಗುರ ಮಾಡೋಕ್ ಹೇಳಿ. ಇಲ್ಲಾಂದ್ರೆ ಎರಡರಷ್ಟು ತೂಕದ್ದು ಮಾಡ್ಲಿ, ಇನ್ನೊಂದು ಭುಜಾನೂ ಇಳಿಸ್ಕೋತೀನಿ” ಎಂದರು. ಪತ್ರಿಕೆಯವನಿಗೆ ಧೂಳು ಒಳಗೆ ಹೋಗದ ಲೆನ್ಸ್ ಬೇಕಂತೆ. ಕನ್ನಡಕ ಹಾಕದೆ ಓದಬಲ್ಲ ಅಕ್ಷರ, ಕಳೆದುಹೋಗದ ಮುಚ್ಚಳ, ಚಳಿಯಲ್ಲೂ ಬೆರಳಿಗೆ ಸಿಗುವ ಗುಂಡಿ, ಹೀಗೆ ಒಬ್ಬೊಬ್ಬರದೂ ಒಂದೊಂದು. ನಾನೊಬ್ಬಳೇ ಏನನ್ನೂ ಕೇಳಿರಲಿಲ್ಲ. “ನಿಂಗೇನು ಬೇಕೇ?” ಎಂದು ಗೆಳತಿ ಮೊಣಕೈಯಲ್ಲಿ ತಿವಿದಳು. “ಬರೆದೇ ಹೇಳ್ತೀನಿ” ಎಂದು ಚೀಲ ಎತ್ತಿಕೊಂಡು ಎದ್ದುಬಂದೆ.

ನನ್ನ ಕಸುಬು ದೊಡ್ಡದೇನಲ್ಲ. ಮಾರಾಟಕ್ಕೋ ಬಾಡಿಗೆಗೋ ಇರುವ ಮನೆಗಳ ಫೋಟೋ ತೆಗೆಯುತ್ತೇನೆ. ಖಾಲಿ ಕೋಣೆಗೆ ಹೋಗಿ ಕಿಟಕಿ ತೆರೆದು, ಬೆಳಕು ನೋಡಿ, ನಾಲ್ಕು ಮೂಲೆಯಿಂದ ಕ್ಲಿಕ್ಕಿಸುವುದು. ಆಮೇಲೆ ಅಲ್ಲೇ ನಿಂತು ಕ್ಯಾಮೆರಾದ ಪರದೆಯ ಮೇಲೆ ಬೆರಳಾಡಿಸಿ ಗೋಡೆಯ ಮೊಳೆ ತೂತು, ಮಕ್ಕಳು ಗೀಚಿದ ಗೆರೆ, ಹಳೆಯ ಕ್ಯಾಲೆಂಡರಿನ ಕಲೆ ತೆಗೆಯುವುದು. ನಮ್ಮಲ್ಲಿ ಇದಕ್ಕೆ ‘ಗೋಡೆ ಒರೆಸೋದು’ ಅನ್ನುತ್ತೇವೆ. ಮನೆ ದಲ್ಲಾಳಿಗಳಿಗೆ ಯಾವಾಗಲೂ ಬೆನ್ನಿಗೆ ಬೆಂಕಿ ಬಿದ್ದ ಅವಸರ. ಒರೆಸಿದ್ದೇ ತಡ, ಚಿತ್ರ ಕ್ಯಾಮೆರಾದಿಂದ ನೇರವಾಗಿ ಅವರಿಗೆ ಹೋಗಬೇಕು. ಇದರಲ್ಲಿ ಮುಚ್ಚುಮರೆಯಿಲ್ಲ. ಕೊಳ್ಳುವವರು ಮನೆಯನ್ನು ಕಣ್ಣಾರೆ ನೋಡಿಯೇ ಕೊಳ್ಳುತ್ತಾರೆ, ಮೊಳೆ ತೂತು ಅವರಿಗೆ ಗೊತ್ತಿಲ್ಲದ ಸಂಗತಿಯೂ ಅಲ್ಲ.

ಇನ್ನು ಚಿಕ್ಕಮ್ಮನ ಮನೆ. ಹಳೆಯ ಕಟ್ಟಡದ ಮೂರನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಅಮ್ಮ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅದೇ ಕೋಣೆಯಲ್ಲಿ, ಅವರ ಹೊಲಿಗೆ ಯಂತ್ರದ ಸದ್ದು ಕೇಳುತ್ತಾ. ಆ ಯಂತ್ರದ ಹಿಂದಿನ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಒಂದು ಬಿರುಕು ಎದ್ದಿದೆ. ಮೊದಲು ಕೂದಲೆಳೆಯಷ್ಟಿತ್ತು. ಈಗ ಚಿಕ್ಕಮ್ಮನ ಕಿರುಬೆರಳಿನ ಉಗುರು ಅದರೊಳಗೆ ಹೋಗುತ್ತದೆ. ಮನೆ ಮಾಲೀಕ ಬಂದು ನೋಡಿ, “ಸುಣ್ಣ ಒಡೆದಿದೆ ಅಷ್ಟೇ, ಸುಮ್ನೆ ಹೆದರ್ಕೋಬೇಡಿ” ಎಂದು ಹೋದ. ಬಿರುಕಿನ ಆ ಕಡೆಯಿಂದ ಸಣ್ಣಗೆ ಗಾಳಿ ಬರುತ್ತಿತ್ತು, ಸ್ವಾಮೀ! ಸುಣ್ಣ ಒಡೆದರೆ ಗಾಳಿ ಬರುತ್ತದೆಯೇ?

ಹೆದರಿಕೆಯಾದರೆ ಬಿಟ್ಟು ಬರಬಹುದಲ್ಲ ಎಂದು ತಾವು ಕೇಳಬಹುದು. ನಾನೂ ಕೇಳಿದೆ. ಕಟ್ಟಡ ಸುರಕ್ಷತಾ ಕಚೇರಿಯವರು ಮನೆ ಅಪಾಯದಲ್ಲಿದೆ ಎಂದು ಬರೆದುಕೊಟ್ಟರೆ ಮಾಲೀಕ ಗೋಡೆ ಸರಿಮಾಡಿಸಬೇಕು, ಅಲ್ಲಿಯವರೆಗೆ ಬಾಡಿಗೆಯವರಿಗೆ ಬೇರೆ ಜಾಗ ಕೊಡಬೇಕು. ಬಾಡಿಗೆಯವರೇ ಮೊದಲು ಬಿಟ್ಟು ಹೋದರೆ ಮಾಲೀಕ ಬೀಗ ಜಡಿಯುತ್ತಾನೆ, ಅಲ್ಲಿಗೆ ಕಥೆ ಮುಗಿಯಿತು. ಚಿಕ್ಕಮ್ಮನ ಗಿರಾಕಿಗಳೆಲ್ಲ ಆ ಬೀದಿಯವರು. ಅವರನ್ನು ಬಿಟ್ಟು ಈ ವಯಸ್ಸಿನಲ್ಲಿ ಎಲ್ಲಿ ಹೋಗಿ ಹೊಸದಾಗಿ ಅಂಗಡಿ ತೆರೆಯಬೇಕು? ಸರಿ, ಕಚೇರಿಗೇ ಅರ್ಜಿ ಹಾಕಿದೆವು. ಅಲ್ಲಿ ಸಿಬ್ಬಂದಿ ಕಡಿಮೆಯಂತೆ. ಮೊದಲು ಫೋಟೋ ಕಳಿಸಬೇಕು, ಫೋಟೋದಲ್ಲಿ ಬಿರುಕು ಕಂಡರೆ ಮಾತ್ರ ಎಂಜಿನಿಯರ್ ಬರುತ್ತಾರೆ. ಅದೂ, ಯಾರೂ ತಿದ್ದಿಲ್ಲವೆಂದು ‘ಅಸಲಿ’ ಮುದ್ರೆ ಒತ್ತುವ ಕ್ಯಾಮೆರಾದ್ದೇ ಆಗಬೇಕು. “ಅಯ್ಯೋ, ನಮ್ಮನೇಲೇ ಫೋಟೋಗ್ರಾಫರ್ ಇದಾಳೆ ಬಿಡಿ!” ಎಂದು ಚಿಕ್ಕಮ್ಮ ಅಲ್ಲಿನ ಗುಮಾಸ್ತರ ಮುಂದೆ ಎದೆಯುಬ್ಬಿಸಿ ಹೇಳಿದರು.

ಆ ಫೋಟೋಗ್ರಾಫರ್ ತಾನು ದಿನವೂ ಗೋಡೆ ಒರೆಸುವ ತಮ್ಮ ಕ್ಯಾಮೆರಾ ಹಿಡಿದು, ಕಿಟಕಿ ತೆರೆದು, ಬೆಳಕು ಓರೆಯಾಗಿ ಬೀಳುವ ಹಾಗೆ ನೋಡಿಕೊಂಡು ಬಿರುಕಿನ ಚಿತ್ರ ತೆಗೆದಳು. ತೆಗೆಯುವಾಗ ಪರದೆಯಲ್ಲಿ ಬಿರುಕು ಕಣ್ಣಿಗೆ ರಾಚುವ ಹಾಗೆ ಕಾಣುತ್ತಿತ್ತು. ಅಭ್ಯಾಸ ನೋಡಿ, ಉಳಿಸಿದ್ದನ್ನು ಮತ್ತೆ ತೆರೆದು ನೋಡದೆ ಅಲ್ಲಿಂದಲೇ ಕಚೇರಿಗೆ ಕಳಿಸಿಬಿಟ್ಟೆ. ವಾರ ಬಿಟ್ಟು ಚಿಕ್ಕಮ್ಮನ ಜೊತೆ ಕಚೇರಿಗೆ ಹೋದರೆ ಅಧಿಕಾರಿ ತಮ್ಮ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, “ಎಷ್ಟು ಚೆನ್ನಾಗಿದೆಯಲ್ಲಮ್ಮಾ ಗೋಡೆ! ನಮ್ಮನೆ ಗೋಡೆನೂ ಹೀಗಿಲ್ಲ” ಎಂದರು. ನೋಡುತ್ತೇನೆ, ಬಿರುಕೇ ಇಲ್ಲ! ಸೂರಿನಿಂದ ನೆಲದವರೆಗೆ ಒಂದೇ ಸಮನಾದ ಬಣ್ಣ. ಚಿಕ್ಕಮ್ಮ ನನ್ನ ಮುಖ ನೋಡಿದರು, ಚಿತ್ರ ನೋಡಿದರು, ಮತ್ತೆ ನನ್ನ ಮುಖ ನೋಡಿದರು.

ಮದುವೆ ಫೋಟೋದ ಗೆಳತಿಯ ಬಳಿಯೂ ತಮ್ಮದೇ ಕಂಪನಿಯ, ಅದೇ ಮಾದರಿಯ ಕ್ಯಾಮೆರಾ ಇದೆ. ಅವಳು ಜನ್ಮದಲ್ಲಿ ಗೋಡೆ ಒರೆಸಿದವಳಲ್ಲ. ಮರುದಿನವೇ ಅವಳನ್ನು ಕರೆತಂದು ತೆಗೆಸಿದೆ. ಬಿರುಕು ಲಕ್ಷಣವಾಗಿ ಬಂತು, ‘ಅಸಲಿ’ ಮುದ್ರೆಯೂ ಬಂತು. ಗೆದ್ದೆವು ಎಂದುಕೊಂಡು ಓಡಿದೆವು. ಅಧಿಕಾರಿ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

“ಎರಡೂ ಅಸಲಿ. ಮೊದಲನೇದರಲ್ಲಿ ಇಲ್ಲ, ಎರಡನೇದರಲ್ಲಿ ಇದೆ. ಅಂದ್ರೆ ಏನರ್ಥ?”

“ಮೊದಲನೇದು ಸುಳ್ಳು ಸಾರ್. ಕ್ಯಾಮೆರಾನೇ ಅಳಿಸಿದೆ.”

“ಕ್ಯಾಮೆರಾ ಯಾಕಮ್ಮಾ ಸುಳ್ಳು ಹೇಳತ್ತೆ? ಅದಕ್ಕೇನ್ ಲಾಭ? ನಡುವೆ ಯಾರೋ ಗೋಡೆ ಒಡೆದಿದಾರೆ, ಅಷ್ಟೇ.”

“ಸಾರ್, ನೀವೇ ಒಂದ್ಸಲ ಬಂದು ನೋಡಿ. ಹಳೇ ಬಿರುಕೋ ಹೊಸದೋ ನೋಡಿದ್ರೆ ಗೊತ್ತಾಗಲ್ವಾ?”

“ದಾಖಲೆಗಳು ಒಂದಕ್ಕೊಂದು ಹೊಂದದೆ ನಾವು ಜಾಗ ಬಿಟ್ಟು ಏಳೋ ಹಾಗಿಲ್ಲ.”

ಈ ಸುದ್ದಿ ಮಾಲೀಕನ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ‘ಬೇರೆ ಮನೆಯ ಆಸೆಗೆ ಬಾಡಿಗೆಯಾಕೆ ಉಳಿ ಹಿಡಿದು ಗೋಡೆ ಸೀಳಿದ್ದಾಳೆ, ಖಾಲಿ ಮಾಡಿಸಿಕೊಡಿ’ ಎಂದು ಅವನೂ ಅದೇ ಕಚೇರಿಗೆ ಅರ್ಜಿ ಹಾಕಿದ. ಗುರುವಾರದ ವಿಚಾರಣೆ ಅದರದ್ದೇ. ಅವನ ಸಾಕ್ಷಿ ಯಾವುದು ಗೊತ್ತೇ? ನಾನು ತೆಗೆದ ಚಿತ್ರ.

ಈಗ ತಮ್ಮ ಸಹಾಯವಾಣಿಯ ಉತ್ತರಕ್ಕೆ ಬರುತ್ತೇನೆ. ‘ಪ್ರಿಯ ಗ್ರಾಹಕರೇ, ಇದು ದೋಷವಲ್ಲ, ಸೌಲಭ್ಯ. ಹೊಸ ತಂತ್ರಾಂಶದಲ್ಲಿ ಕ್ಯಾಮೆರಾ ತಮ್ಮ ಅಭಿರುಚಿಯನ್ನು ತಾನೇ ಕಲಿತು, ಚಿತ್ರ ಉಳಿಸುವಾಗ ತಾನೇ ಅಳವಡಿಸುತ್ತದೆ. ಇದನ್ನು ನಿಲ್ಲಿಸುವ ಆಯ್ಕೆ ಸದ್ಯಕ್ಕಿಲ್ಲ.’ ಹಾಗಾದರೆ ‘ಅಸಲಿ’ ಎಂದು ಮುದ್ರೆ ಹೇಗೆ ಒತ್ತಿತು ಎಂದು ಕೇಳಿದೆ. ‘ಕ್ಯಾಮೆರಾದಿಂದ ಹೊರಬಂದ ಮೇಲೆ ಚಿತ್ರವನ್ನು ಯಾರೂ ಮುಟ್ಟಿಲ್ಲ ಎಂಬುದಷ್ಟೇ ಅದರ ಅರ್ಥ’ ಎಂದರು. ಅಬ್ಬಬ್ಬಾ! ಒಳಗೆ ಕೂತು ಕಂಪನಿ ತಿದ್ದಿದರೆ ಅದು ಅಭಿರುಚಿ, ಹೊರಗೆ ನಿಂತು ನಾವು ತಿದ್ದಿದರೆ ಅದು ಮೋಸ. ಈ ಸೂಕ್ಷ್ಮವನ್ನು ಮುದ್ರೆಯ ಪಕ್ಕದಲ್ಲಿ ಎಲ್ಲಾದರೂ ಬರೆದಿದ್ದೀರಾ? ಆ ಅಧಿಕಾರಿಗೆ ಯಾರಾದರೂ ಹೇಳಿದ್ದೀರಾ? ಇದನ್ನೇ ಎರಡು ಸಾಲಿನಲ್ಲಿ ಬರೆದು ಸಹಿ ಹಾಕಿ ಕೊಡಿ, ವಿಚಾರಣೆಯಲ್ಲಿ ತೋರಿಸುತ್ತೇನೆ ಎಂದು ಅಂಗಲಾಚಿದೆ. ‘ಒಳಗಿನ ಕಾರ್ಯವಿಧಾನ ಗೋಪ್ಯ, ಲಿಖಿತವಾಗಿ ಕೊಡಲಾಗದು’ ಎಂದು ಕೈ ತೊಳೆದುಕೊಂಡರು.

ಗೋಡೆ ಒರೆಸುವುದನ್ನು ಕಲಿಸಿದವಳು ನೀನೇ ತಾನೇ ಎಂದು ತಾವು ನನ್ನ ಕಡೆಗೇ ಬೆರಳು ತೋರಿಸಬಹುದು. ತೋರಿಸಿ. ನಾನು ಒರೆಸಿದ್ದು ಮೊಳೆ ತೂತು. ಒರೆಸುವಾಗ ಒಂದೊಂದನ್ನೂ ನೋಡಿ, ಇದು ಹೋದರೆ ಯಾರಿಗೂ ನಷ್ಟವಿಲ್ಲ ಎಂದು ತಿಳಿದು, ನನ್ನ ಬೆರಳಿನಿಂದಲೇ ಒರೆಸಿದೆ. ತಮ್ಮ ಯಂತ್ರ ಬೆರಳಾಟವನ್ನು ಕಲಿಯಿತು, ನೋಡುವುದನ್ನು ಕಲಿಯಲಿಲ್ಲ. ಮೊಳೆ ತೂತಿಗೂ ಸೂರಿನ ಭಾರ ಹೊತ್ತ ಗೋಡೆಯ ಬಿರುಕಿಗೂ ಅದಕ್ಕೆ ವ್ಯತ್ಯಾಸ ತಿಳಿಯದು. ತಿಳಿಯದಿದ್ದರೆ ಕೇಳಬೇಕಿತ್ತು. ‘ಒರೆಸಲೇ?’ ಎಂಬ ಒಂದು ಪದ ಪರದೆಯ ಮೇಲೆ ಮೂಡಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಅಷ್ಟು ಮರ್ಯಾದೆ ನಮಗೆ ಕೊಡಲು ತಮಗೆ ಏನು ಕಷ್ಟ?

ಕನಸು ಕಾಣಿ ಎಂದಿರಲ್ಲ, ಹೇಳುತ್ತೇನೆ ಕೇಳಿ. ಕ್ಯಾಮೆರಾದ ಮೈಮೇಲೆ ಕೈಗೆ ಸಿಗುವ ಹಾಗೆ ಒಂದು ತಿರುಗಣೆ ಬೇಕು. ಅದನ್ನು ತಿರುಗಿಸಿದರೆ ಇದ್ದದ್ದು ಇದ್ದ ಹಾಗೆ ಬರಬೇಕು. ಮುಖದ ಸುಕ್ಕು, ಗೋಡೆಯ ಕಲೆ, ಆಕಾಶದ ಬೂದು ಬಣ್ಣ, ಎಲ್ಲ. ತಂತ್ರಾಂಶದ ಹತ್ತು ಪದರದ ಕೆಳಗೆ ಹೂತಿಟ್ಟ ಆಯ್ಕೆ ನನಗೆ ಬೇಡ, ‘ಟಕ್’ ಎಂದು ಸದ್ದು ಮಾಡುವ ಗಟ್ಟಿ ತಿರುಗಣೆಯೇ ಬೇಕು. ಮಿಕ್ಕ ಸಮಯದಲ್ಲಿ ಯಂತ್ರ ಏನನ್ನಾದರೂ ತೆಗೆದರೆ, ಸೇರಿಸಿದರೆ, ಚಿತ್ರದ ಜೊತೆಯಲ್ಲೇ ಅದು ದಾಖಲಾಗಿರಬೇಕು, ಮುಟ್ಟದ ಪ್ರತಿಯೂ ಉಳಿದಿರಬೇಕು. ಲೆನ್ಸುಗಳನ್ನಂತೂ ತಾವು ಎಷ್ಟು ಚೂಪು ಮಾಡಿದ್ದೀರಿ! ಸುಣ್ಣದ ಕಣಕಣವೂ ಕಾಣುತ್ತದೆ. ಅಷ್ಟು ಚೂಪಾದ ಕಣ್ಣು ಕೊಟ್ಟು ಕಂಡದ್ದನ್ನು ಕಂಡಹಾಗೆ ಹೇಳಬೇಡ ಎಂದು ಅದರ ಬಾಯಿಗೆ ಬೀಗ ಹಾಕುವುದು ಯಾವ ಜಾಣತನ? ಹಗುರ ಲೆನ್ಸ್, ದೊಡ್ಡ ಬ್ಯಾಟರಿ ಎಲ್ಲ ನಿಧಾನವಾಗಿ ಬರಲಿ, ಪಾಪ, ಆ ಹಿರಿಯರ ಭುಜ ಇನ್ನೊಂದೆರಡು ವರ್ಷ ತಡೆದೀತು. ಆ ಗೋಡೆ ತಡೆಯುವುದಿಲ್ಲ.

ಮೊನ್ನೆ ಮಧ್ಯಾಹ್ನ ಅಂಗೈಯಗಲದ ಗಾರೆ ಕಳಚಿ ಹೊಲಿಗೆ ಯಂತ್ರದ ಮೇಲೆ ಬಿತ್ತು. ಗಿರಾಕಿಯೊಬ್ಬರು ಬಾಗಿಲು ತಟ್ಟಿದ್ದರಿಂದ ಚಿಕ್ಕಮ್ಮ ಆಗತಾನೇ ಎದ್ದು ಹೋಗಿದ್ದರು. ನಾನು ಓಡಿ ಹೋದಾಗ ಅವರು ಗಾರೆಯನ್ನು ಗುಡಿಸದೆ ಹಾಗೇ ಬಿಟ್ಟು, ಸ್ಟೂಲಿನ ಮೇಲೆ ಕೂತಿದ್ದರು. ಅಭ್ಯಾಸಬಲದಿಂದ ನನ್ನ ಕೈ ಕ್ಯಾಮೆರಾ ಚೀಲದೊಳಗೆ ಹೋಯಿತು.

“ಬೇಡ ಕಣೇ, ಅದನ್ನ ತೆಗೀಬೇಡ,” ಎಂದರು.

“ಸಾಕ್ಷಿಗೆ ಬೇಕಲ್ಲ ಚಿಕ್ಕಮ್ಮಾ?”

“ಸಾಕ್ಷಿ ಹೇಳಿದ್ದು ಸಾಕು ಅದು. ನನ್ನನ್ನ ಕಳ್ಳಿ ಮಾಡಿದ್ದು ಅದೇ.” ಆಮೇಲೆ, ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ನಗಲು ಪ್ರಯತ್ನಿಸಿದರು. “ನನ್ನ ಮುಖದಲ್ಲೂ ಬೇಕಾದಷ್ಟು ಬಿರುಕಿದೆಯಲ್ಲೇ. ನಾನೂ ಅಳಿಸಿ ಹೋದ್ರೆ ಯಾರ ಹತ್ರ ಹೋಗಿ ಕೇಳ್ತೀಯ?”

ನನ್ನನ್ನು ಸಾಕಿದ ಹೆಂಗಸು ನನ್ನ ಕಸುಬಿಗೆ ಹೆದರುವ ಹಾಗಾಯಿತು, ಮಾನ್ಯರೇ. ಅದಕ್ಕೆ ತಮ್ಮ ಮೇಲೆ ನನಗಿರುವ ಸಿಟ್ಟು ಈ ಜನ್ಮದಲ್ಲಿ ಇಳಿಯುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ನನಗೆ ಹೊಸ ಕ್ಯಾಮೆರಾ ಬೇಡ, ಪರಿಹಾರ ಬೇಡ, ‘ವಿಷಾದಿಸುತ್ತೇವೆ’ ಎಂದು ತಿಪ್ಪೆ ಸಾರಿಸುವ ಉತ್ತರವೂ ಬೇಡ. ‘ಬಿರುಕು ಇತ್ತು, ಅದನ್ನು ಅಳಿಸಿದ್ದು ನಮ್ಮ ಕ್ಯಾಮೆರಾ’ ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿ, ಬುಧವಾರ ಸಂಜೆಯೊಳಗೆ ಕಟ್ಟಡ ಸುರಕ್ಷತಾ ಕಚೇರಿಗೆ ತಲುಪಿಸಿ. ಗುರುವಾರ ಬೆಳಿಗ್ಗೆ ಆ ಹಾಳೆ ಮೇಜಿನ ಮೇಲಿದ್ದರೆ ಎಂಜಿನಿಯರ್ ಏಳುತ್ತಾರೆ, ಬಂದು ನೋಡುತ್ತಾರೆ. ಇಲ್ಲದಿದ್ದರೆ ಚಿಕ್ಕಮ್ಮ ಗೋಡೆ ಒಡೆದ ಕಳ್ಳಿ ಎನಿಸಿಕೊಂಡು ಬೀದಿಗೆ ಬರುತ್ತಾರೆ. ಅದಕ್ಕೂ ಮೊದಲು ಗೋಡೆಯೇ ಕುಸಿದು ಬಂದರೆ, ಆಗ ಯಾರ ಸಹಿಯೂ ಯಾರಿಗೂ ಬೇಕಾಗುವುದಿಲ್ಲ. ಅವರು ಕೋಣೆ ಬಿಟ್ಟು ಬರಲೊಪ್ಪುತ್ತಿಲ್ಲ. ಒಬ್ಬರನ್ನೇ ಅಲ್ಲಿ ಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಆದ್ದರಿಂದ ಮೊನ್ನೆಯಿಂದ ನನ್ನ ಹಾಸಿಗೆಯೂ ಅವರ ಪಕ್ಕದಲ್ಲೇ ಇದೆ.

ಇಂತಿ,
ತಮ್ಮ ಕ್ಯಾಮೆರಾದ ಪ್ರಕಾರ ಬಿರುಕೇ ಇಲ್ಲದ ಗೋಡೆಯ ಕೆಳಗೆ ಮಲಗುವವಳು